ಗುರುವಾರದ ನವಮಿ

ಈಸ್ಟರ್ ರಜೆ ಮುಗಿದ ವಾರ ಮೈಸೂರಿನಿಂದ ಸುಧೀರನ ಚಿಕ್ಕಪ್ಪ ಕೃಷ್ಣಪ್ರಸಾದರ ಮೆಸೇಜು ಬಂತು. ಅಣ್ಣನ ವರ್ಷಾಬ್ದಿಕ ವೈಶಾಖ ಬಹುಳ ನವಮಿ, ಮೇ ತಿಂಗಳ ಎರಡನೇ ಗುರುವಾರ. ಕೆಳಗೆ ಪಂಚಾಂಗದ ಪುಟದ ಫೋಟೊ ಇತ್ತು. ನವಮಿಯ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದಿದ್ದರು.

ಸುಧೀರ್ ಅದನ್ನು ಸಂಜೆಯ ಊಟಕ್ಕೆ ಕೂತಾಗ ಎಲ್ಲರಿಗೂ ಓದಿ ಹೇಳಿದ. ಅವನ ತಾಯಿ ವೈದೇಹಿ ಹುಳಿ ಬಡಿಸುತ್ತಿದ್ದರು. ಮೊಮ್ಮಗಳು ಜಾಹ್ನವಿಗೆ, ಸೊಸೆ ಮಾಳವಿಕಾಗೆ, ಮಗನಿಗೆ ಬಡಿಸಿ ಮುಗಿಸಿ ಸೌಟನ್ನು ಪಾತ್ರೆಯೊಳಗೆ ಇಟ್ಟರು.

"ಅವತ್ತು ಬೆಳಿಗ್ಗೆ ನನಗೆ ಪರೀಕ್ಷೆ ಇದೆ" ಎಂದರು.

ಯಾವ ಪರೀಕ್ಷೆ ಎಂದು ಯಾರೂ ಕೇಳಲಿಲ್ಲ. ಇಲ್ಲಿನ ಹತ್ತನೇ ತರಗತಿಯಂಥ ಜಿಸಿಎಸ್‌ಇ ಗಣಿತದ ಮೂರು ಪೇಪರುಗಳ ದಿನಾಂಕ ಜನವರಿಯಿಂದ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿತ್ತು. ಜಾಹ್ನವಿಯ ಈಜಿನ ಸರ್ಟಿಫಿಕೇಟು ಅದರ ಅರ್ಧ ಭಾಗವನ್ನು ಮುಚ್ಚಿತ್ತು, ಅಷ್ಟೇ.

"ನವೆಂಬರಿನಲ್ಲಿ ಮತ್ತೆ ಬರುತ್ತಲ್ಲ ಅಮ್ಮ" ಎಂದ ಸುಧೀರ್. "ಅಪ್ಪನ ಮೊದಲನೇ ವರ್ಷ ಮತ್ತೆ ಬರಲ್ಲ."

ವೈದೇಹಿ ತಮ್ಮ ತಟ್ಟೆಗೆ ಅನ್ನ ಹಾಕಿಕೊಂಡರು.

ಸುಧೀರನ ಅಪ್ಪ ಡಾಕ್ಟರ್ ಸತ್ಯನಾರಾಯಣ ಮೂವತ್ತೆಂಟು ವರ್ಷ ಇಂಗ್ಲಿಷರ ಈ ದೇಶದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ಕೊನೆಗೆ ಎಜ್‌ವೇರ್‌ನ ಈ ಮನೆ ಕೊಂಡು, ನಿವೃತ್ತರಾದ ಎರಡನೇ ವರ್ಷ ತೀರಿಕೊಂಡಿದ್ದರು. ಅವರು ಹೋದ ದಿನ ಸುಧೀರ್ ಆಫೀಸಿನ ಕೆಲಸದ ಮೇಲೆ ಫ್ರಾಂಕ್‌ಫರ್ಟಿನಲ್ಲಿದ್ದ. ಅದುವರೆಗೆ ಜನಿವಾರವನ್ನು ಬಾತ್‌ರೂಮಿನ ಮೊಳೆಗೆ ನೇತುಹಾಕಿ ಮರೆಯುತ್ತಿದ್ದವನು ಆಮೇಲೆ ಒಂದು ಮಾಸಿಕವನ್ನೂ ತಪ್ಪಿಸಲಿಲ್ಲ. ಪ್ರತಿ ತಿಂಗಳೂ ಅಡುಗೆ ಮಾಡಿದವರು ವೈದೇಹಿ.

ಆ ದಿನಗಳಲ್ಲಿ ವೈದೇಹಿ ಕುಕ್ಕರ್ ಇಟ್ಟು ಪಕ್ಕದಲ್ಲೇ ನಿಂತಿರುತ್ತಿದ್ದರು. ಆರು ವಿಸಿಲ್ ಆದರೂ ಆರಿಸುತ್ತಿರಲಿಲ್ಲ. ಮಾಳವಿಕಾ ಮೇಲಿನಿಂದ ಇಳಿದು ಬಂದು ಆರಿಸುತ್ತಿದ್ದಳು. ಬಿಪಿ ತೋರಿಸಲು ಹೋದಾಗ ಜಿಪಿ, ಅಂದರೆ ಬಡಾವಣೆಯ ಡಾಕ್ಟರಮ್ಮ, ದಿನವೆಲ್ಲ ಏನು ಮಾಡುತ್ತೀರಿ ಎಂದು ಕೇಳಿದಳಂತೆ. ಅಡುಗೆ ಮಾಡುತ್ತೇನೆ ಎಂದರಂತೆ. ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ ಎಂದಾಗ ಬಹಳ ಹೊತ್ತು ಯೋಚಿಸಿ, ಮೈಸೂರಿನಲ್ಲಿ ಬಿ.ಎಸ್‌ಸಿ. ಎರಡನೇ ವರ್ಷದಲ್ಲಿದ್ದೆ, ಗಣಿತ, ಮದುವೆಯಾಯಿತು ಎಂದರಂತೆ. ಜಿಪಿ ಮಾತ್ರೆಯ ಬದಲು ಒಂದು ಕಾಗದ ಬರೆದುಕೊಟ್ಟಳು.

ಕಾಗದದಲ್ಲಿ ಇದ್ದದ್ದು ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಒಂದು ಕಾಲೇಜಿನ ವಿಳಾಸ. ಓದು ಅರ್ಧಕ್ಕೆ ಬಿಟ್ಟ ಹೆಂಗಸರಿಗೆಂದೇ ಅಲ್ಲೊಂದು ಕಾರ್ಯಕ್ರಮವಿತ್ತು. ಸೋಮವಾರ, ಗುರುವಾರ ಬೆಳಿಗ್ಗೆ ಗಣಿತ. ಬುಧವಾರ ಹನ್ನೆರಡು ಜನ ಹೆಂಗಸರು ದುಂಡಗೆ ಕುರ್ಚಿ ಹಾಕಿಕೊಂಡು ಕೂತು, ಆ ವಾರದ ಒಂದೊಂದು ವಿಷಯ ಹೇಳಬೇಕು. ಅದನ್ನು ಸರ್ಕಲ್ ಎನ್ನುತ್ತಿದ್ದರು. ನಡೆಸುವವಳು ಗ್ರೇಸ್, ಘಾನಾ ಮೂಲದವಳು, ಐವತ್ತರ ಹತ್ತಿರದವಳು. ಮೊದಲ ವಾರವೇ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟಿದ್ದಳು. ಎಡಕ್ಕೆ, ಈ ವರ್ಷ ನಾನು ಕಲಿಯುವ ಒಂದು. ಬಲಕ್ಕೆ, ನಾನು ಮನೆಯವರನ್ನು ಕೇಳುವ ಒಂದು. ವೈದೇಹಿ ಎಡಕ್ಕೆ ಗಣಿತ ಎಂದು ಬರೆದಿದ್ದರು. ಬಲಕ್ಕೆ ಏಪ್ರಿಲ್ ಬಂದರೂ ಏನೂ ಬರೆದಿರಲಿಲ್ಲ.

ಗಣಿತ ಪಾಸಾದರೆ ಸೆಪ್ಟೆಂಬರಿನಲ್ಲಿ ಅದೇ ಕಾಲೇಜಿನಲ್ಲಿ ಶಾಲಾ ಸಹಾಯಕಿಯರ ತರಬೇತಿಗೆ ಸೀಟು. ನವೆಂಬರಿನ ಪರೀಕ್ಷೆಗೆ ಆ ಸೀಟು ಕಾಯುವುದಿಲ್ಲ. ವೈದೇಹಿಗೆ ಅರವತ್ತೊಂದು. ಸೀಟಿನ ಈ ವಿಷಯವನ್ನು ಅವರು ಮನೆಯಲ್ಲಿ ಒಮ್ಮೆ ಹೇಳಿದ್ದರು. ಟಿವಿ ಹಾಕಿತ್ತು.

ಕಾಲೇಜು ಶುರುವಾದಾಗಿನಿಂದ ಮನೆಯ ಕೆಲಸ ಅಷ್ಟಿಷ್ಟು ಜಾಗ ಬದಲಾಯಿಸಿತ್ತು. ಸೋಮವಾರ, ಗುರುವಾರದ ಮಧ್ಯಾಹ್ನದ ಊಟ ಹಿಂದಿನ ದಿನದ ಡಬ್ಬಿಯಿಂದ. ಬುಧವಾರ ಮಾಳವಿಕಾ ಕೆಲಸದ ಮೀಟಿಂಗನ್ನು ಕಿವಿಯಲ್ಲಿಟ್ಟುಕೊಂಡೇ ಶಾಲೆಯ ಗೇಟಿಗೆ ಹೋಗಿ ಮಗಳನ್ನು ಕರೆತರುತ್ತಿದ್ದಳು. ಡಬ್ಬಿಗಳ ಮೇಲೆ ಚೀಟಿ ಅಂಟಿಸಲು ಶುರುಮಾಡಿದಳು. ಸೋಮ ಪಲ್ಯ, ಗುರು ಸಾರು. ಒಮ್ಮೆ ವೈದೇಹಿ, ಸಾರನ್ನ ಯಾರು ಪಲ್ಯ ಅಂದ್ಕೋತಾರೆ ಎಂದು ಕೇಳಿದ್ದರು. ನಿಮ್ಮ ಮಗ ಎಂದಿದ್ದಳು ಮಾಳವಿಕಾ. ಇಬ್ಬರೂ ಸ್ವಲ್ಪ ನಕ್ಕಿದ್ದರು.

ಶನಿವಾರ ಬೆಳಿಗ್ಗೆ ಸುಧೀರ್ ಚಿಕ್ಕಪ್ಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಪರೀಕ್ಷೆ ಹತ್ತೂವರೆಗೆ ಮುಗಿಯುತ್ತದೆ, ಶ್ರಾದ್ಧ ಮಧ್ಯಾಹ್ನದ್ದು, ಅತ್ತೆ ಹನ್ನೊಂದೂಕಾಲಿಗೆ ಮನೆಯಲ್ಲಿರುತ್ತಾರೆ ಎಂದು ಮಾಳವಿಕಾ ಮೆಲ್ಲಗೆ ಹೇಳಿ ನೋಡಿದಳು.

"ಮಡಿಯಲ್ಲಿ ಅಡುಗೆಗೆ ನಿಂತವರು ನಡುವೆ ಬಸ್ಸು ಹತ್ತಿ ಬರಕ್ಕಾಗತ್ತೇನಮ್ಮಾ?" ಎಂದರು ಕೃಷ್ಣಪ್ರಸಾದ. "ಹಾಗಿದ್ರೆ ನೀನೇ ನಿಂತ್ಕೊ. ಕರ್ತೃವಿನ ಹೆಂಡತಿ ನೀನು. ನ್ಯಾಯವಾಗಿ ನಿನ್ನ ಕೆಲಸವೇ ಅದು."

ಮಾಳವಿಕಾ ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದವಳು. ಅವಳ ತವರಿನಲ್ಲಿ ಶ್ರಾದ್ಧವನ್ನು ಮಠದಲ್ಲಿ ಮಾಡಿಸಿ ಎಲೆಯ ಮುಂದೆ ಕೂತು ಬರುತ್ತಿದ್ದರು. ಈ ಮನೆಯ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಇಲ್ಲ, ಇಂಗಿಲ್ಲ, ರುಚಿ ನೋಡುವ ಹಾಗಿಲ್ಲ, ಹದಿನಾಲ್ಕು ಬಗೆ ಒಂದೇ ಬೆಳಗಿನಲ್ಲಿ. ಅವಳು ಅತ್ತೆಯ ಮುಖ ನೋಡಿದಳು. ವೈದೇಹಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

"ನೀವಿಲ್ಲದೆ ನನ್ನ ಕೈಲಿ ಆಗಲ್ಲ ಅತ್ತೆ" ಎಂದಳು.

"ಆಗಲಿ" ಎಂದರು ವೈದೇಹಿ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಅಜ್ಜಿ, ಮೊಮ್ಮಗಳು ಇಬ್ಬರೂ ತಮ್ಮ ತಮ್ಮ ಲೆಕ್ಕ ಹಾಕುತ್ತಿದ್ದರು. ಜಾಹ್ನವಿಗೆ ಹತ್ತು ವರ್ಷ. ಅವಳ ಪುಸ್ತಕದಲ್ಲಿ ವಿಮಾನಗಳು ಒಂದು ದೇಶ ಬಿಟ್ಟು ಇನ್ನೊಂದು ದೇಶ ತಲುಪುವ ಗಂಟೆಗಳ ಲೆಕ್ಕವಿತ್ತು. ಅದನ್ನು ಹೇಳಿಕೊಡುತ್ತಿದ್ದ ವೈದೇಹಿ ನಡುವೆ ಎದ್ದು ಹೋಗಿ ಸುಧೀರನ ಫೋನ್ ತಂದು, ಪಂಚಾಂಗದ ಫೋಟೊ ದೊಡ್ಡದು ಮಾಡಿ ನೋಡಿದರು. ಹಾಳೆಯ ಮೇಲೆ ನಾಲ್ಕು ಸಾಲು ಬರೆದರು. ಬರೆದದ್ದನ್ನು ಇನ್ನೊಂದು ಹಾಳೆಯಲ್ಲಿ ಮತ್ತೆ ಬರೆದರು. ಉತ್ತರ ಬದಲಾಗಲಿಲ್ಲ.

ಸುಧೀರ್ ತೋಟದಿಂದ ಒಳಗೆ ಬಂದಾಗ ಹೇಳಿದರು. ಚಿಕ್ಕಪ್ಪ ನೋಡಿರುವುದು ಮೈಸೂರಿನ ಗಂಟೆ. ಅಲ್ಲಿ ನವಮಿ ಗುರುವಾರ ಮಧ್ಯಾಹ್ನ ಮೂರು ನಲವತ್ತರ ತನಕ ಇದೆ. ಅದೇ ಗಳಿಗೆ ಇಲ್ಲಿ ಬೆಳಿಗ್ಗೆ ಹನ್ನೊಂದು ಹತ್ತು. ಶ್ರಾದ್ಧಕ್ಕೆ ಮಧ್ಯಾಹ್ನದ ಹೊತ್ತಿಗೆ ತಿಥಿ ಇರಬೇಕು. ಗುರುವಾರ ಇಲ್ಲಿ ಮಧ್ಯಾಹ್ನವಾಗುವಷ್ಟರಲ್ಲಿ ದಶಮಿ ಬಂದಿರುತ್ತದೆ. ನವಮಿ ಇಲ್ಲಿ ಹಿಡಿಯುವುದು ಬುಧವಾರ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ.

"ಅಂದ್ರೆ ನಮಗೆ ಬುಧವಾರ" ಎಂದರು.

ಸುಧೀರ್ ಕೈ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸಿದ.

"ಅಪ್ಪನ ದಿನಾನ ನಿನ್ನ ಟೈಮ್‌ಟೇಬಲ್‌ಗೆ ಹೊಂದಿಸ್ಕೋತಿದೀಯಾ ಅಮ್ಮ?"

"ಅಜ್ಜಿ ಈಸ್ ರೈಟ್, ಡ್ಯಾಡ್" ಎಂದಳು ಜಾಹ್ನವಿ. "ಇಟ್ಸ್ ಜಸ್ಟ್ ಮೈನಸ್ ಫೋರ್ ಆ್ಯಂಡ್ ಎ ಹಾಫ್."

"ನೀನು ಹೋಮ್‌ವರ್ಕ್ ಮಾಡು."

ವೈದೇಹಿ ಎರಡೂ ಹಾಳೆಗಳನ್ನು ಮಡಿಚಿ ಪುಸ್ತಕದೊಳಗೆ ಇಟ್ಟರು. ಎದ್ದು ಒಗೆದ ಬಟ್ಟೆಗಳನ್ನು ಮಷೀನಿನಿಂದ ತೆಗೆದು ರೇಡಿಯೇಟರುಗಳ ಮೇಲೆ ಹರವಿದರು. ಮಗನ ಅಂಗಿಗಳು ಹಜಾರದಲ್ಲಿ, ಮೊಮ್ಮಗಳ ಯೂನಿಫಾರಂ ಮೆಟ್ಟಿಲ ಬಳಿ. ಮತ್ತೆ ಆ ಮಾತು ಎತ್ತಲಿಲ್ಲ.

ಎತ್ತಿದವಳು ಮಾಳವಿಕಾ. ಎರಡು ದಿನ ಬಿಟ್ಟು ಪಾತ್ರೆಗಳನ್ನು ಡಿಶ್‌ವಾಷರಿಗೆ ಜೋಡಿಸುತ್ತ, ಒಂದು ಸಲ ಭಟ್ಟರನ್ನಾದರೂ ಕೇಳಬಹುದಲ್ಲ ಎಂದಳು. ವಿನಾಯಕ ಭಟ್ಟರಿಗೆ ಗುರುವಾರ ಎಂದು ಬರೆದಾಗಿದೆ, ಅವರೂ ಸರಿ ಎಂದಿದ್ದಾರೆ ಎಂದ ಸುಧೀರ್. ಈಗ ಫೋನ್ ಮಾಡಿ, ನಮ್ಮಮ್ಮನಿಗೆ ಪರೀಕ್ಷೆ ಇದೆ, ಅವರೇ ಲೆಕ್ಕ ಹಾಕಿ ಬೇರೆ ದಿನ ಹುಡುಕಿದ್ದಾರೆ ಅಂತ ಹೇಳಬೇಕಾ ಎಂದು ಕೇಳಿದ. ಹಾಗಲ್ಲ ಎಂದಳು ಮಾಳವಿಕಾ. ಭಟ್ಟರ ನಂಬರು ಅವಳ ಫೋನಿನಲ್ಲೂ ಇತ್ತು. ಆದರೆ ಬುಧವಾರ ಆಫೀಸಿನಲ್ಲಿ ಅವಳಿಗೆ ರಜೆ ಸಿಗುವಂತಿರಲಿಲ್ಲ, ಗುರುವಾರದ ರಜೆಗೆ ಬರೆದುಕೊಟ್ಟಾಗಿತ್ತು. ಅವಳು ಫೋನ್ ಮಾಡಲಿಲ್ಲ.

ಆ ಮೂರು ವಾರ ವೈದೇಹಿ ಕಾಲೇಜಿಗೆ ಹೋಗುವುದನ್ನು ಬಿಡಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದರು. ಅಡುಗೆಯ ಪಟ್ಟಿಯನ್ನೂ ಬರೆದರು. ಅದನ್ನು ಹಿಡಿದು ಸುಧೀರ್ ಈಸ್ಟ್ ಹ್ಯಾಮ್‌ಗೆ ಹೋಗಿ ಬಾಳೆಎಲೆ, ಬಾಳೆಕಾಯಿ, ಕರಿ ಎಳ್ಳು ತಂದ. ಹಾಗಲಕಾಯಿ ಹಣ್ಣಾಗಿದ್ದವು. ಬದಲಿಸಿಕೊಂಡು ಬರಲು ಮತ್ತೊಂದು ಶನಿವಾರ ಹೋದ. ಅವನು ಇಷ್ಟು ಮುತುವರ್ಜಿಯಿಂದ ಮನೆಗೆ ಸಾಮಾನು ತಂದದ್ದನ್ನು ಮಾಳವಿಕಾ ಹಿಂದೆ ಕಂಡಿರಲಿಲ್ಲ.

ಬುಧವಾರ ಬಂತು. ಸರ್ಕಲ್ಲಿನಲ್ಲಿ ತಮ್ಮ ಸರದಿ ಬಂದಾಗ ವೈದೇಹಿ, ನಾಳೆ ನಾನು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಗ್ರೇಸ್ ಅವರನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು ಕಾರಣ ಕೇಳಿ ತಿಳಿದುಕೊಂಡಳು. ವೈದ್ಯರ ಪತ್ರವಿದ್ದರೆ ಏನಾದರೂ ಮಾಡಬಹುದು, ಇಲ್ಲದಿದ್ದರೆ ಆ ಪೇಪರಿಗೆ ಸೊನ್ನೆ. ಉಳಿದೆರಡು ಬರೆದರೆ ಅವುಗಳ ಅಂಕವಷ್ಟೇ ಲೆಕ್ಕಕ್ಕೆ ಎಂದು ವಿವರಿಸಿದಳು. ದಿನ ಗೊತ್ತುಮಾಡುವವರು ಯಾರು, ಅವರನ್ನು ಕೇಳಿದಿರಾ ಎಂದಳು. ಹೇಳಿದೆ ಎಂದರು ವೈದೇಹಿ. ಹೇಳುವುದು ಬೇರೆ, ಕೇಳುವುದು ಬೇರೆ ಎಂದಳು ಗ್ರೇಸ್. ವೈದೇಹಿ ಎಂದಿನಂತೆ ಸಂಜೆಯ ತನಕ ಕೂರದೆ ಚೀಲ ತೆಗೆದುಕೊಂಡು ಬಸ್ ಸ್ಟಾಪಿಗೆ ಬಂದರು.

ಒಂದು ಗಂಟೆಗೆ ಮನೆಯಲ್ಲಿದ್ದರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮಾಳವಿಕಾ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮಹಡಿಯ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಕೂತು ಯಾರದೋ ಸ್ಲೈಡುಗಳನ್ನು ನೋಡುತ್ತಿದ್ದಳು. ಒಂದೂವರೆಯ ಹೊತ್ತಿಗೆ ಕೆಳಗೆ ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಅತ್ತೆ ಒದ್ದೆ ಕೂದಲನ್ನು ತುದಿಯಲ್ಲಿ ಗಂಟು ಹಾಕಿಕೊಂಡು, ಬೇರೆ ಸೀರೆಯುಟ್ಟು ಹುಲ್ಲಿನ ಮೇಲೆ ನಡೆದು ಹೋದರು. ಕೈಯಲ್ಲಿ ಬಾಳೆಎಲೆಯ ಒಂದು ಚೂರು. ಬೇಲಿಯ ಅಡ್ಡಹಲಗೆಯ ಮೇಲೆ ಅದನ್ನಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಎಲೆಯ ಮೇಲೆ ಅನ್ನ, ಅನ್ನದ ಮೇಲೆ ಕಪ್ಪಗೆ ಏನೋ ಇತ್ತು. ಪಕ್ಕದ ಮನೆಯ ಶೆಡ್ಡಿನ ಮೇಲಿದ್ದ ಕಾಗೆ ಸುಮಾರು ಹೊತ್ತು ಅದನ್ನು ನೋಡಿ, ಇಳಿದು ಬಂದು ತಿಂದಿತು. ಅತ್ತೆ ಒಳಗೆ ಬಂದರು.

ಕಾಲ್‌ನಲ್ಲಿ ಯಾರೋ ಮಾಳವಿಕಾಳ ಅಭಿಪ್ರಾಯ ಕೇಳಿದರು. ಅವಳು ಇನ್ನೊಂದು ಸಲ ಹೇಳಿ ಎಂದಳು.

ಗುರುವಾರ ಬೆಳಿಗ್ಗೆ ಐದೂವರೆಗೆ ವೈದೇಹಿ ಒಲೆ ಹಚ್ಚಿದರು. ಹೊಗೆಗೆ ಕೂಗದಿರಲೆಂದು ಸುಧೀರ್ ಕುರ್ಚಿ ಹತ್ತಿ ಹಜಾರದ ಸ್ಮೋಕ್ ಅಲಾರ್ಮಿಗೂ ಅಡುಗೆಮನೆಯದಕ್ಕೂ ಶವರ್ ಕ್ಯಾಪ್ ತೊಡಿಸಿದ. ಮಾಳವಿಕಾ ಮಡಿಯಲ್ಲಿ ಒಣಗಿದ ಸೀರೆ ಎಂದು ಅತ್ತೆ ಕೊಟ್ಟದ್ದನ್ನು ಉಟ್ಟು, ಹೇಳಿದ್ದನ್ನು ರುಬ್ಬಿದಳು, ಹೇಳಿದ್ದನ್ನು ಹೆಚ್ಚಿದಳು. ಒಂಬತ್ತು ಗಂಟೆಗೆ ವೈದೇಹಿ ವಡೆಗೆ ಉದ್ದು ರುಬ್ಬಿಸುತ್ತಿದ್ದರು. ಗೋಡೆಯ ಗಡಿಯಾರ ನೋಡಲಿಲ್ಲ. ಹತ್ತೂವರೆಗೆ ಎಣ್ಣೆ ಕಾದಿತ್ತು.

ವಿನಾಯಕ ಭಟ್ಟರು ಟೂಟಿಂಗ್‌ನಿಂದ ನಾರ್ದರ್ನ್ ಲೈನ್ ರೈಲು ಹಿಡಿದು ಕೊನೆಯ ಸ್ಟೇಷನ್ನಿನ ತನಕ ಬಂದಿದ್ದರು. ಜೊತೆಗೆ ಎಲೆಗೆ ಕೂರಲು ಇನ್ನೊಬ್ಬರನ್ನು ಕರೆತಂದಿದ್ದರು. ಭಟ್ಟರು ಕುಂದಾಪುರದ ಕಡೆಯವರು, ಮೆದು ಮಾತಿನವರು. ಒಂದು ಗಂಟೆಗೆ ಶುರುವಾಗಿ ಎರಡೂವರೆಗೆ ಎಲ್ಲ ಮುಗಿಯಿತು. ಊಟ ಚೆನ್ನಾಗಿತ್ತು ಎಂದು ಎರಡು ಸಲ ಹೇಳಿದರು. ಕೈ ತೊಳೆದು ಸೋಫಾದ ತುದಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವಾಗ ಸುಧೀರ್, ಮುಂದಿನ ವರ್ಷದ್ದನ್ನೂ ಈಗಲೇ ಗುರುತು ಹಾಕಿಕೊಂಡುಬಿಡಿ ಎಂದ.

ಭಟ್ಟರು ಫೋನ್ ತೆಗೆದು ತಮ್ಮ ಕ್ಯಾಲೆಂಡರ್ ನೋಡಿದರು. "ನೀವು ಊರಿನ ಲೆಕ್ಕವೇ ಹಿಡಿಯುವುದಲ್ಲವಾ?" ಎಂದು ಕೇಳಿದರು.

"ಯಾಕೆ?"

"ಅಲ್ಲ, ಇಲ್ಲಿಯದು ಹಿಡಿದರೆ ನವಮಿ ನಿನ್ನೆ ಮಧ್ಯಾಹ್ನಕ್ಕೇ ಬಂತು. ಊರಿನದು ಹಿಡಿಯುವವರೂ ಉಂಟು. ನೀವು ಗುರುವಾರ ಅಂತ ಬರೆದಿರಿ, ನಾನು ಕೇಳಲಿಲ್ಲ. ಅದಕ್ಕೇನು, ಶ್ರದ್ಧೆಯಿಂದ ಮಾಡಿದ್ದೀರಿ."

ಸುಧೀರ್ ತಾಯಿಯ ಕಡೆ ತಿರುಗಿದ. ವೈದೇಹಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಉಳಿದ ವಡೆಗಳನ್ನು ಭಟ್ಟರಿಗೆ ಕಟ್ಟಿಕೊಡಲು ಫಾಯಿಲ್ ಹರಿಯುತ್ತಿದ್ದರು.

"ನಿನ್ನೆ ಏನೂ ಆಗಲಿಲ್ಲ ಹಾಗಾದ್ರೆ" ಎಂದ ಸುಧೀರ್. ಯಾರನ್ನು ಕುರಿತು ಹೇಳಿದನೋ ತಿಳಿಯಲಿಲ್ಲ.

"ಆಯ್ತು" ಎಂದಳು ಮಾಳವಿಕಾ. "ಅತ್ತೆ ನಿನ್ನೆಯೇ ಇಟ್ರು. ಬೇಲಿ ಮೇಲೆ. ನಾನು ನೋಡಿದೆ."

ಭಟ್ಟರು ಫೋನನ್ನು ಜೇಬಿಗೆ ಹಾಕಿಕೊಂಡರು. ವೈದೇಹಿ ಫಾಯಿಲ್ ಮಡಿಚಿ, ಎರಡು ಪೊಟ್ಟಣ ಮಾಡಿ ತಂದುಕೊಟ್ಟರು. ಎಳ್ಳುಂಡೆ ಬೇರೆ ಇದೆ, ಒತ್ತಿದರೆ ಪುಡಿಯಾಗುತ್ತದೆ, ಮೇಲೆ ಇಟ್ಟುಕೊಳ್ಳಿ ಎಂದರು.

ಅವರು ಹೋದ ಮೇಲೆ ಸುಧೀರ್ ಕುರ್ಚಿ ಹತ್ತಿ ಶವರ್ ಕ್ಯಾಪುಗಳನ್ನು ತೆಗೆದ. ಮೇಲಿನಿಂದಲೇ, "ನೀನು ಹೇಳಿದ್ದೆ" ಎಂದ.

"ಹೂಂ" ಎಂದರು ವೈದೇಹಿ.

"ಇನ್ನೊಂದ್ಸಲ ಹೇಳಬೇಕಿತ್ತು ಅಮ್ಮ."

ವೈದೇಹಿ ನೆಲ ಒರೆಸುತ್ತಿದ್ದರು. ಕುರ್ಚಿಯ ಕಾಲುಗಳ ಸುತ್ತ ಬಟ್ಟೆ ಆಡಿಸಿ ಮುಂದೆ ಹೋದರು. ಶಾಲೆಯಿಂದ ಗೆಳತಿಯ ಮನೆಯ ಕಾರಿನಲ್ಲಿ ಬಂದ ಜಾಹ್ನವಿ ಬ್ಯಾಗನ್ನೂ ಇಳಿಸದೆ, ಅಜ್ಜಿ, ಡಿಡ್ ಯು ಗೋ ಎಂದು ಕೇಳಿದಳು. ಅವಳು ಒಂದೊಂದೇ ಮುಖ ನೋಡಿ ಮಹಡಿ ಹತ್ತಿ ಹೋದಳು.

ಮುಂದಿನ ಎರಡು ವಾರ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡಿದರು. ಸುಧೀರ್ ಚಿಕ್ಕಪ್ಪನಿಗೆ ಫೋನ್ ಮಾಡಿದನೋ ಇಲ್ಲವೋ ಹೇಳಲಿಲ್ಲ. ಒಂದು ದಿನ ಆಫೀಸಿನಿಂದ ಬರುವಾಗ ಒಳ್ಳೆಯ ಕ್ಯಾಲ್ಕುಲೇಟರ್ ತಂದು ಮೇಜಿನ ಮೇಲಿಟ್ಟ. ನನ್ನ ಹತ್ರ ಇದೆಯಲ್ಲೋ ಎಂದರು ವೈದೇಹಿ. ಇದೂ ಇರಲಿ ಎಂದ. ಅವರು ಹಳೆಯದನ್ನೇ ಬಳಸಿದರು. ಹೊಸದು ಡಬ್ಬಿಯೊಳಗೇ ಇತ್ತು.

ಎರಡನೇ ಪೇಪರಿನ ಹಿಂದಿನ ಸಂಜೆ, ತಟ್ಟೆಗಳನ್ನು ಇಡುವ ಮೊದಲು ವೈದೇಹಿ ಮೇಜಿನ ಮೇಲೆ ಗ್ರೇಸ್ ಕೊಟ್ಟ ಹಾಳೆಯನ್ನು ಬಿಡಿಸಿ ಇಟ್ಟರು. ಬಲಗಡೆಯ ಕಾಲಂನಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದಿತ್ತು. ಸುಧೀರ್ ಕನ್ನಡ ಓದುವುದು ನಿಧಾನ. ಅವನು ಓದಿ ಮುಗಿಸುವ ತನಕ ಕಾದರು.

"ನಾಳೆಯಿಂದ ಮೂರನೇ ಪೇಪರಿನ ತನಕ ನಾನು ಅಡುಗೆ ಮಾಡಲ್ಲ" ಎಂದು ತಾವೂ ಹೇಳಿದರು. "ಎಂಟು ದಿನ. ಮಾಡಿಕೊಳ್ತೀರಾ?"

"ಮಾಡ್ಕೋತೀವಿ" ಎಂದಳು ಮಾಳವಿಕಾ.

"ಅಮ್ಮ" ಎಂದ ಸುಧೀರ್. "ಇನ್ನೂ ಪಾಸಾಗುತ್ತಾ?"

"ಒಂದೊಂದಕ್ಕೆ ಎಂಬತ್ತು ಅಂಕ. ಮೂರಕ್ಕೆ ಇನ್ನೂರ ನಲವತ್ತು. ಪಾಸಿಗೆ ನೂರ ಐವತ್ತರ ಹತ್ತಿರ ಬೇಕಾಗಬಹುದು ಅಂತ ಗ್ರೇಸ್ ಹೇಳಿದ್ಲು. ನನಗೆ ಉಳಿದಿರೋದು ನೂರ ಅರವತ್ತು."

"ಅಂದ್ರೆ ಟೆನ್" ಎಂದಳು ಜಾಹ್ನವಿ.

"ಹತ್ತು ಬಿಡಬಹುದು. ಎರಡರಲ್ಲೂ ಸೇರಿ."

ಬುಧವಾರ ಬೆಳಿಗ್ಗೆ ಮಾಳವಿಕಾ ಉಪ್ಪಿಟ್ಟು ಮಾಡಿದಳು. ರವೆ ಹುರಿದದ್ದು ಸಾಲದೆ ಗಂಟುಗಂಟಾಗಿತ್ತು. ವೈದೇಹಿ ಗಂಟುಗಳನ್ನು ಚಮಚದಿಂದ ಒಡೆದುಕೊಂಡು ಪೂರ್ತಿ ತಿಂದರು. ಕಾರಿನಲ್ಲಿ ಬಿಡುತ್ತೇನೆ ಎಂದ ಸುಧೀರ್. ಬಸ್ಸೇ ಆಗುತ್ತೆ, ದಾರಿ ಗೊತ್ತಿದೆ ಎಂದರು. ಅವನು ಗೇಟಿನ ತನಕ ಹೋಗಿ, ಅವರು ತಿರುವಿನಲ್ಲಿ ಕಾಣದಾಗುವ ತನಕ ನಿಂತಿದ್ದ.

ಹನ್ನೊಂದೂವರೆಗೆ ಮರಳಿ ಬಂದರು. ಚಪ್ಪಲಿ ಬಿಟ್ಟು ನೇರ ಮೇಜಿಗೆ ಹೋಗಿ ಕೂತು, ನೆನಪಿನಿಂದ ಪ್ರಶ್ನೆಗಳನ್ನು ಒಂದೊಂದಾಗಿ ಬರೆದು ಮತ್ತೆ ಬಿಡಿಸತೊಡಗಿದರು. ಬರೆಯಲು ಸಿಕ್ಕಿದ್ದು ಶ್ರಾದ್ಧದ ಸಾಮಾನಿನ ಪಟ್ಟಿಯ ಹಿಂಬದಿ. ಅಂದು ರಜೆ ಹಾಕಿದ್ದ ಸುಧೀರ್ ಎದುರಿಗೆ ಹಾಗಲಕಾಯಿ ಹೆಚ್ಚಲು ಕೂತಿದ್ದ. ಬೀಜ ತೆಗೆಯಬೇಕೋ ಬೇಡವೋ ಎಂದು ಕೇಳಲು ಬಾಯಿ ತೆರೆದವನು ಸುಮ್ಮನಾಗಿ, ತೆಗೆದ. ಮಾಳವಿಕಾ ಅಕ್ಕಿ ತೊಳೆದು ಕುಕ್ಕರ್ ಇಟ್ಟು ಪಕ್ಕದಲ್ಲೇ ನಿಂತಳು.

ಮೂರನೇ ವಿಸಿಲಿಗೆ ಅವಳು ಒಲೆ ಆರಿಸುವಾಗ ವೈದೇಹಿ ಪೆನ್ನು ಕೆಳಗಿಟ್ಟರು. ಒಂದು ಪ್ರಶ್ನೆಯ ಸುತ್ತ ಗುಂಡಗೆ ಗೆರೆ ಎಳೆದರು, ಇನ್ನೊಂದರ ಸುತ್ತ ಎಳೆದರು.

"ಎಷ್ಟು ಹೋಯ್ತಮ್ಮ?" ಎಂದ ಸುಧೀರ್.

"ಆರು" ಎಂದರು. ಹಾಳೆಯನ್ನು ಮಡಿಚಿದರು. "ಇನ್ನು ನಾಲ್ಕಿದೆ."